ಷರತ್ತಿನ ದುಡ್ಡು ಬೇಡ ಎಂದ ಕುಲಪತಿ

ವಿವಿ ಸ್ವಾಯತ್ತತೆ ಬಗ್ಗೆ ನಾವು ತುಂಬಾ ಮಾತಾಡ್ತೀವಿ. ಅದಕ್ಕೆ ಎಷ್ಟು ಬೆಲೆ ತೆರಬೇಕು ಅನ್ನೋದಕ್ಕೆ ಆಶುತೋಷ್ ಮುಖರ್ಜಿಯವರ ಬದುಕು ನೋಡಬೇಕು.

1864ರಲ್ಲಿ ಹುಟ್ಟಿದ ಆಶುತೋಷ್ ಗಣಿತಜ್ಞ, ಹೈಕೋರ್ಟ್ ನ್ಯಾಯಮೂರ್ತಿ. 1906ರಲ್ಲಿ ಅವರು ಕುಲಪತಿಯಾದಾಗ ಕಲ್ಕತ್ತಾ ವಿವಿ ಮುಖ್ಯವಾಗಿ ಪರೀಕ್ಷೆ ನಡೆಸುವ ಸಂಸ್ಥೆ. ಅದನ್ನವರು ಪಾಠ, ಸಂಶೋಧನೆಯ ಕಡೆ ತಿರುಗಿಸಿದರು. ಸರ್ಕಾರವನ್ನೇ ನೆಚ್ಚಿ ಕೂರದೆ ತಾರಕನಾಥ ಪಾಲಿತ್, ರಾಸ್‌ಬಿಹಾರಿ ಘೋಷ್ ಎಂಬ ಶ್ರೀಮಂತ ವಕೀಲರ ದೇಣಿಗೆಯಿಂದ ವಿಜ್ಞಾನ ಕಾಲೇಜು ಕಟ್ಟಿದರು. ಸರ್ಕಾರದ ಹಣಕಾಸು ಇಲಾಖೆಯಲ್ಲಿದ್ದ ಸಿ.ವಿ. ರಾಮನ್ ಅಲ್ಲಿಗೆ ಪ್ರಾಧ್ಯಾಪಕರಾಗಿ ಬಂದರು. ಮೈಸೂರು ವಿವಿಯಲ್ಲಿದ್ದ ರಾಧಾಕೃಷ್ಣನ್ ಕೂಡ 1921ರಲ್ಲಿ ಕಲ್ಕತ್ತಾಕ್ಕೆ ಹೋದರು.

ಅದೇ ವರ್ಷ ಆಶುತೋಷ್ ಮತ್ತೆ ಕುಲಪತಿಯಾದರು. ಹೊರಗೆ ಅಸಹಕಾರ ಚಳವಳಿ. ಬ್ರಿಟಿಷರ ಕಾಲೇಜು ಬಿಟ್ಟು ಬನ್ನಿ ಎಂಬ ಕರೆ. ಆಶುತೋಷ್ ಅದಕ್ಕೆ ಒಪ್ಪಲಿಲ್ಲ, ಬಾಗಿಲು ಮುಚ್ಚಲಿಲ್ಲ. ಇತ್ತ ವಿವಿಯ ಖಜಾನೆ ಖಾಲಿ. ಸರ್ಕಾರ ಎರಡೂವರೆ ಲಕ್ಷ ರೂಪಾಯಿ ಕೊಡಲು ಮುಂದಾಯಿತು, ಜೊತೆಗೆ ಷರತ್ತುಗಳೂ ಬಂದವು. 1922ರಲ್ಲಿ ಅವರು ಆ ದುಡ್ಡು ಬೇಡವೆಂದರು. ಮರುವರ್ಷ ಕುಲಾಧಿಪತಿಯೂ ಆಗಿದ್ದ ಗವರ್ನರ್ ಲಿಟನ್, ಸರ್ಕಾರದ ಜೊತೆ ಹೊಂದಿಕೊಂಡು ಹೋದರೆ ಹುದ್ದೆ ಮುಂದುವರಿಸುವುದಾಗಿ ಹೇಳಿದರು. ಆಶುತೋಷ್ ಖಾರವಾಗಿ ಉತ್ತರ ಬರೆದು ಹೊರನಡೆದರು. 1924ರಲ್ಲಿ ತೀರಿಕೊಂಡರು.

ಅವರ ಮೇಲೂ ತಕರಾರಿದೆ. ದುಡ್ಡು ಬರುವ ಮೊದಲೇ ವಿಭಾಗಗಳನ್ನು ಬೆಳೆಸಿದರು. ಆ ಕೊರತೆಯೇ ಸರ್ಕಾರಕ್ಕೆ ಒಳಬರಲು ದಾರಿಯಾಯಿತು. ಆದರೂ ಕುರ್ಚಿಯೋ ವಿವಿಯೋ ಎಂಬ ಪ್ರಶ್ನೆ ಬಂದಾಗ ಅವರು ಬಿಟ್ಟಿದ್ದು ಕುರ್ಚಿಯನ್ನ. ಇವತ್ತಿನ ಕುಲಪತಿಗಳಲ್ಲಿ ಎಷ್ಟು ಜನ ಬಿಡ್ತಾರೆ?