ಊಟದ ಮಧ್ಯೆ ಬಂದ ಪ್ರಶ್ನೆ: ಎನ್ರಿಕೊ ಫರ್ಮಿ

ಬೇರೆ ಗ್ರಹಗಳಲ್ಲಿ ನಮ್ಮಂಥವರು ಇದ್ದಾರಾ, ಯಾವತ್ತಾದರೂ ಸಿಗ್ತಾರಾ ಅಂತ ರೂಮಿನಲ್ಲಿ ಮಾತು ಬಂದಾಗಲೆಲ್ಲ ನನಗೆ ನೆನಪಾಗೋದು ವಿಜ್ಞಾನಿ ಎನ್ರಿಕೊ ಫರ್ಮಿ. ಅವರೂ ನಮ್ಮ ಹಾಗೆ ಊರು ಬಿಟ್ಟು ಬಂದವರು.

ಹುಟ್ಟಿದ್ದು 1901ರಲ್ಲಿ, ಇಟಲಿಯ ರೋಮ್‌ನಲ್ಲಿ. ತಂದೆ ರೈಲ್ವೆ ನೌಕರರು. 1938ರಲ್ಲಿ ಮುಸೊಲಿನಿ ಸರ್ಕಾರ ಯಹೂದಿಗಳ ವಿರುದ್ಧ ಕಾನೂನು ತಂದಿತು. ಫರ್ಮಿಯವರ ಹೆಂಡತಿ ಲಾರಾ ಯಹೂದಿ. ಆ ಡಿಸೆಂಬರ್‌ನಲ್ಲಿ ನೊಬೆಲ್ ಪ್ರಶಸ್ತಿ ತಗೊಳ್ಳೋಕೆ ಅಂತ ಸ್ಟಾಕ್‌ಹೋಮ್‌ಗೆ ಹೊರಟ ಸಂಸಾರ ಮನೆಗೆ ವಾಪಸ್ ಹೋಗಲಿಲ್ಲ. 1939ರ ಜನವರಿ 2ರಂದು ಹಡಗಿನಿಂದ ನ್ಯೂಯಾರ್ಕ್‌ನಲ್ಲಿ ಇಳಿದರು. ದುಡ್ಡು ಎಲ್ಲಿ ಜಪ್ತಿಯಾಗುತ್ತೋ ಎಂಬ ಹೆದರಿಕೆಗೆ ಒಂದಷ್ಟನ್ನು ಪೈಪಿನೊಳಗಿಟ್ಟು ನೆಲಮಾಳಿಗೆಯಲ್ಲಿ ಹೂತಿಟ್ಟಿದ್ದರು. ಯುದ್ಧ ಶುರುವಾದ ಮೇಲೆ ಅವರು ಶತ್ರುದೇಶದ ಪ್ರಜೆ. ಊರಿಂದೂರಿಗೆ ಹೋಗೋಕೂ ಅನುಮತಿ ಬೇಕಿತ್ತು. ಅದಾದ ಒಂದೇ ವರ್ಷಕ್ಕೆ, 1942ರ ಡಿಸೆಂಬರ್ 2ರಂದು, ಅದೇ ಮನುಷ್ಯ ಶಿಕಾಗೋದಲ್ಲಿ ಜಗತ್ತಿನ ಮೊದಲ ಪರಮಾಣು ರಿಯಾಕ್ಟರ್ ನಡೆಸಿ ತೋರಿಸಿದರು.

1950ರ ಬೇಸಿಗೆ. ಲಾಸ್ ಅಲಮೋಸ್ ಪ್ರಯೋಗಾಲಯದಲ್ಲಿ ಮೂವರು ಗೆಳೆಯರ ಜೊತೆ ಊಟಕ್ಕೆ ಹೊರಟಿದ್ದರು. ಹಾರುವ ತಟ್ಟೆಗಳ ಸುದ್ದಿ ಜೋರಾಗಿದ್ದ ಕಾಲ. ಅನ್ಯಗ್ರಹದವರು ನ್ಯೂಯಾರ್ಕ್‌ನ ಕಸದ ಡಬ್ಬಿ ಕದ್ದೊಯ್ಯುವ ವ್ಯಂಗ್ಯಚಿತ್ರದ ಬಗ್ಗೆ ನಗಾಡಿಕೊಂಡರು. ಮಾತು ಬೇರೆ ಕಡೆ ಹೋಯಿತು. ಊಟದ ಮಧ್ಯೆ ಫರ್ಮಿಯವರು ದಿಢೀರನೆ, ಹಾಗಾದರೆ ಅವರೆಲ್ಲ ಎಲ್ಲಿ ಅಂತ ಕೇಳಿಬಿಟ್ಟರು.

ಲೆಕ್ಕ ಹಾಕಿ ನೋಡಿ. ನಮ್ಮ ಆಕಾಶಗಂಗೆಯಲ್ಲಿ 10,000 ಕೋಟಿಗೂ ಹೆಚ್ಚು ನಕ್ಷತ್ರಗಳಿವೆ. ಅದರ ಅಗಲ ಸುಮಾರು 1 ಲಕ್ಷ ಜ್ಯೋತಿರ್ವರ್ಷ. ಬೆಳಕಿನ ವೇಗದ ನೂರರಲ್ಲೊಂದು ಭಾಗದಲ್ಲಿ ಹೋದರೂ 1 ಕೋಟಿ ವರ್ಷದಲ್ಲಿ ಈ ತುದಿಯಿಂದ ಆ ತುದಿ ಮುಟ್ಟಬಹುದು. ಆಕಾಶಗಂಗೆಯ ವಯಸ್ಸೋ, 1,000 ಕೋಟಿ ವರ್ಷಕ್ಕೂ ಮೇಲೆ. ಬರುವವರಿದ್ದರೆ ಇಷ್ಟೊತ್ತಿಗೆ ಬಂದಿರಬೇಕಿತ್ತು. ಬರೋದಿರಲಿ, ಒಂದು ಮಿಸ್ಡ್ ಕಾಲ್ ಕೂಡ ಇಲ್ಲ!

1961ರಲ್ಲಿ ಫ್ರಾಂಕ್ ಡ್ರೇಕ್ ಎಂಬ ಖಗೋಳಶಾಸ್ತ್ರಜ್ಞರು ಈ ಸಂಪರ್ಕದ ಸಾಧ್ಯತೆ ಅಳೆಯೋಕೆ ಒಂದು ಸೂತ್ರ ಬರೆದರು. ಅದರ ಕೊನೆಯ ಅಂಶ, ಸಂದೇಶ ಕಳಿಸಬಲ್ಲ ನಾಗರಿಕತೆ ಎಷ್ಟು ಕಾಲ ಉಳಿಯುತ್ತೆ ಅನ್ನೋದು. ಫರ್ಮಿಯವರ ಬದುಕೂ ಇದೇ ಜಾಗಕ್ಕೆ ಬಂದು ನಿಲ್ಲುತ್ತೆ. ಅಣುಬಾಂಬಿಗೆ ಅವರ ಕೈಯೂ ಸೇರಿತ್ತು. 1949ರಲ್ಲಿ ಹೈಡ್ರೋಜನ್ ಬಾಂಬ್ ಬೇಡ ಅಂತ ಸರ್ಕಾರಕ್ಕೆ ಬರೆದುಕೊಟ್ಟರು. ಸರ್ಕಾರ ಮಾಡಿಯೇ ತೀರುತ್ತೇವೆ ಎಂದಾಗ ಅದರ ಲೆಕ್ಕಕ್ಕೂ ಕೂತರು. 1954ರ ನವೆಂಬರ್ 28ರಂದು ಹೊಟ್ಟೆಯ ಕ್ಯಾನ್ಸರ್‌ನಿಂದ ತೀರಿಕೊಂಡಾಗ ವಯಸ್ಸು ಬರೀ 53.

ಆಚೆ ಯಾರೂ ಇಲ್ಲ ಅಂತ ನನಗನಿಸೋದಿಲ್ಲ. ದೂರ ಜಾಸ್ತಿ, ಆಯುಸ್ಸು ಕಮ್ಮಿ, ಅಷ್ಟೇ. ಅವರ ಕರೆ ಬರೋ ಹೊತ್ತಿಗೆ ಎತ್ತೋಕೆ ನಾವಿರಬೇಕಲ್ಲ.