ರೈಲು ಹತ್ತಿದಾಗ ನೆನಪಾಗುವ ದಾಸಪ್ಪ

ನಮ್ಮೂರು ತಗಡೂರು ಎಂದರೆ ಜನರಿಗೆ ರಾಮಚಂದ್ರರಾಯರು, ಖಾದಿ ನೆನಪಾಗುತ್ತದೆ. ಕಾನೂನು ಓದಲು ದಿನವೂ ನಂಜನಗೂಡಿನಲ್ಲಿ ಮೈಸೂರು ರೈಲು ಹತ್ತುವ ನನಗೆ ಮಾತ್ರ ಎಚ್.ಸಿ. ದಾಸಪ್ಪ.

1894ರಲ್ಲಿ ಹುಟ್ಟಿದ ದಾಸಪ್ಪ ವಕೀಲರು. ಅರಸರ ಕಾಲದಲ್ಲೇ ಕಾಂಗ್ರೆಸ್ ಸೇರಿ ಜವಾಬ್ದಾರಿ ಸರ್ಕಾರ ಬೇಕೆಂದು ಹೋರಾಡಿದರು. ಹಾಗೆ ಕೇಳಿದವರಿಗೆ ಜೈಲು ಕಾದಿರುತ್ತಿತ್ತು. ಹೆಂಡತಿ ಯಶೋಧರಾ ಕೂಡ ಮನೆಯಲ್ಲಿ ಕೂರಲಿಲ್ಲ, ಚಳವಳಿಗೆ ಇಳಿದರು. (ಇವರ ಬಗ್ಗೆಯೇ ಇನ್ನೊಂದು ಲೇಖನ ಬರೆಯಬೇಕು!) 1947ರಲ್ಲಿ ಕೆ.ಸಿ. ರೆಡ್ಡಿ ಮುಖ್ಯಮಂತ್ರಿಯಾದಾಗ ದಾಸಪ್ಪನವರಿಗೆ ಹಣಕಾಸು ಖಾತೆ ಸಿಕ್ಕಿತು. ಮುಂದೆ ಬೆಂಗಳೂರಿನಿಂದ ಲೋಕಸಭೆಗೆ ಗೆದ್ದು, 1963ರಲ್ಲಿ ನೆಹರೂ ಸಂಪುಟದಲ್ಲಿ ರೈಲ್ವೆ ಸಚಿವರಾದರು. ಮರುವರ್ಷವೇ ತೀರಿಕೊಂಡರು.

ನಾನು ಕೋರ್ಟಿಗಷ್ಟೇ ಹೋಗಬೇಕು, ರಾಜಕೀಯದ ಸಹವಾಸ ಬೇಡ ಎಂಬುದು ನಮ್ಮಪ್ಪನ ಹಟ. ಇದು ಅಚ್ಚಾದರೆ ಪೇಪರನ್ನು ಅವರ ಕಾಫಿ ಲೋಟದ ಪಕ್ಕದಲ್ಲೇ ಇಡುತ್ತೇನೆ.