ವಿಲಿಯಂ ಹಾರ್ವೆ
ಮಾನವನ ಹೃದಯವು ಹಗಲಿರುಳೆನ್ನದೆ ಮಿಡಿಯುತ್ತದೆಂಬುದನ್ನು ಅರಿಯದವರಿಲ್ಲ. ಆದರೆ ಪ್ರತಿಯೊಂದು ಮಿಡಿತದಲ್ಲಿಯೂ ಅದು ನಡೆಸುವ ಕಾರ್ಯವೇನೆಂಬುದು ಬಹುಕಾಲ ಸರಿಯಾಗಿ ತಿಳಿದಿರಲಿಲ್ಲ. ಅದನ್ನು ಪ್ರಯೋಗಗಳ ಮೂಲಕ ಸಿದ್ಧಪಡಿಸಿದ ಮಹನೀಯನೇ ವಿಲಿಯಂ ಹಾರ್ವೆ.

ಹಾರ್ವೆ 1578ರ ಏಪ್ರಿಲ್ 1ರಂದು ಇಂಗ್ಲೆಂಡಿನ ಫೋಕ್‌ಸ್ಟನ್ ಎಂಬ ಕಡಲತೀರದ ಊರಿನಲ್ಲಿ ಜನಿಸಿದನು. ಕೇಂಬ್ರಿಜ್‌ನಲ್ಲಿ ವ್ಯಾಸಂಗ ಮಾಡಿ, ವೈದ್ಯವಿದ್ಯೆಯನ್ನು ಕಲಿಯಲು ಇಟಲಿಯ ಪಾದುವಾ ವಿಶ್ವವಿದ್ಯಾನಿಲಯಕ್ಕೆ ತೆರಳಿದನು. ಅಲ್ಲಿ ಅವನ ಗುರುವಾಗಿದ್ದ ಫಾಬ್ರಿಸಿಯಸ್, ರಕ್ತವನ್ನು ಹೃದಯದತ್ತ ಒಯ್ಯುವ ಅಭಿಧಮನಿಗಳಲ್ಲಿ ಪುಟ್ಟ ಕವಾಟಗಳಿರುವುದನ್ನು ವಿವರಿಸಿದ್ದನು. ಆದರೆ ಅವುಗಳ ನಿಜವಾದ ಪ್ರಯೋಜನ ಆ ಗುರುವಿಗೆ ಹೊಳೆದಿರಲಿಲ್ಲ. 1602ರಲ್ಲಿ ಪದವಿ ಪಡೆದ ಹಾರ್ವೆ ತಾಯ್ನಾಡಿಗೆ ಮರಳಿ, ಲಂಡನ್ನಿನಲ್ಲಿ ವೃತ್ತಿಯನ್ನು ಕೈಗೊಂಡನು. ಮುಂದೆ ಒಂದನೆಯ ಜೇಮ್ಸ್ ಮತ್ತು ಒಂದನೆಯ ಚಾರ್ಲ್ಸ್ ದೊರೆಗಳ ರಾಜವೈದ್ಯನಾದನು.

ಆ ಕಾಲದ ವೈದ್ಯರಿಗೆ 2ನೆಯ ಶತಮಾನದ ಗೇಲನ್ನನ ಮಾತೇ ವೇದವಾಕ್ಯವಾಗಿತ್ತು. ಉಂಡ ಆಹಾರದಿಂದ ಯಕೃತ್ತಿನಲ್ಲಿ ರಕ್ತವು ಸದಾ ಹೊಸದಾಗಿ ಹುಟ್ಟಿ, ಅಂಗಾಂಗಗಳಲ್ಲಿ ವ್ಯಯವಾಗುವುದೆಂದು ಅವರು ನಂಬಿದ್ದರು. ಹಾರ್ವೆ ಈ ನಂಬಿಕೆಯನ್ನು ಲೆಕ್ಕದ ಒರೆಗಲ್ಲಿಗೆ ಹಚ್ಚಿದನು. ಮಿಡಿತವೊಂದಕ್ಕೆ ಹೊರಬೀಳುವ ರಕ್ತವನ್ನು ಎಷ್ಟೇ ಕಡಿಮೆಯಾಗಿ ಎಣಿಸಿದರೂ, ಅರ್ಧ ಗಂಟೆಯಲ್ಲಿ ಹೃದಯವು ಹೊರದೂಡುವ ರಕ್ತವು ಇಡೀ ದೇಹದ ರಕ್ತವನ್ನೂ ಮೀರುತ್ತಿತ್ತು. ಅಷ್ಟು ರಕ್ತವನ್ನು ಯಾವ ಆಹಾರವೂ ಒದಗಿಸಲಾರದು. ಆದುದರಿಂದ ಹೊರಟ ರಕ್ತವೇ ಮತ್ತೆ ಹೃದಯಕ್ಕೆ ಹಿಂದಿರುಗುತ್ತಿರಬೇಕೆಂದು ಅವನು ತರ್ಕಿಸಿದನು. ತೋಳಿಗೆ ಪಟ್ಟಿ ಬಿಗಿದು ಪರೀಕ್ಷಿಸಿದಾಗ, ಉಬ್ಬಿದ ಅಭಿಧಮನಿಯ ರಕ್ತವು ಹೃದಯದ ಕಡೆಗೆ ಒತ್ತಿದರೆ ಸಾಗುತ್ತಿತ್ತು. ಬೆರಳುಗಳ ಕಡೆಗೆ ಒತ್ತಿದರೆ ಕವಾಟಗಳು ಅದನ್ನು ತಡೆಯುತ್ತಿದ್ದವು.

ಹೀಗೆ ಹೃದಯವು ಒಂದು ಪಂಪಿನಂತೆ ಕೆಲಸ ಮಾಡುವುದೆಂಬುದು ಸ್ಪಷ್ಟವಾಯಿತು. ಅದು ಸಂಕುಚಿಸಿದಾಗ ಬಲ ಹೃತ್ಕುಕ್ಷಿಯ ರಕ್ತವು ಶ್ವಾಸಕೋಶಗಳಿಗೂ, ಎಡ ಹೃತ್ಕುಕ್ಷಿಯ ರಕ್ತವು ದೇಹದ ಉಳಿದ ಭಾಗಗಳಿಗೂ ಚಿಮ್ಮುತ್ತದೆ. ಸಡಿಲಗೊಂಡಾಗ ಮರಳಿ ತುಂಬಿಕೊಳ್ಳುತ್ತದೆ. ವಿಶ್ರಾಂತಿಯಲ್ಲಿರುವ ವಯಸ್ಕನ ಎಡ ಹೃತ್ಕುಕ್ಷಿಯು ಮಿಡಿತಕ್ಕೆ ಸುಮಾರು 70 ಮಿಲಿಲೀಟರಿನಂತೆ, ನಿಮಿಷಕ್ಕೆ ಸುಮಾರು 5 ಲೀಟರು ರಕ್ತವನ್ನು ಹೊರದೂಡುತ್ತದೆಂದು ಇಂದು ತಿಳಿದಿದೆ.

1628ರಲ್ಲಿ ಹಾರ್ವೆ ತನ್ನ ಸಿದ್ಧಾಂತವನ್ನು ಲ್ಯಾಟಿನ್ ಭಾಷೆಯ ಕಿರುಗ್ರಂಥವೊಂದರಲ್ಲಿ ಪ್ರಕಟಿಸಿದನು. ಹಳೆಯ ಮತವನ್ನು ಅಲ್ಲಗಳೆದವನನ್ನು ಅನೇಕ ವಿದ್ವಾಂಸರು ವಿರೋಧಿಸಿದರು. ಅವನ ಬಳಿಗೆ ಬರುವ ರೋಗಿಗಳೂ ಕಡಿಮೆಯಾದರು. 1642ರಲ್ಲಿ ಅಂತರ್ಯುದ್ಧ ಆರಂಭವಾದಾಗ ಅವನ ನಿವಾಸವು ಲೂಟಿಗೊಳಗಾಗಿ, ಹಲವು ವರ್ಷಗಳ ಸಂಶೋಧನೆಯ ಬರಹಗಳು ನಾಶವಾದವು. ಆದರೂ ಅವನು ಎದೆಗುಂದಲಿಲ್ಲ.

ಅಪಧಮನಿಗಳ ಮೂಲಕ ಹೊರಹೋದ ರಕ್ತವು ಅಭಿಧಮನಿಗಳನ್ನು ಸೇರುವ ಬಗೆ ಮಾತ್ರ ಅವನ ಕಣ್ಣಿಗೆ ಬೀಳಲಿಲ್ಲ. 1657ರ ಜೂನ್ 3ರಂದು ಅವನು ಕಾಲವಶನಾದನು. ನಾಲ್ಕು ವರ್ಷಗಳ ತರುವಾಯ, 1661ರಲ್ಲಿ, ಇಟಲಿಯ ಮಾಲ್ಪೀಗಿಯು ಕಪ್ಪೆಯ ಶ್ವಾಸಕೋಶದಲ್ಲಿ ಅತಿಸೂಕ್ಷ್ಮ ಲೋಮನಾಳಗಳನ್ನು ಸೂಕ್ಷ್ಮದರ್ಶಕದ ಮೂಲಕ ಕಂಡನು. ಹಾರ್ವೆಯು ಕಾಣದೆಯೇ ತರ್ಕದಿಂದ ಊಹಿಸಿದ್ದ ದಾರಿಯು ಹೀಗೆ ಕಣ್ಣಿಗೆ ಗೋಚರವಾಯಿತು. ಹಿರಿಯರ ಮಾತನ್ನಾದರೂ ಪರೀಕ್ಷಿಸಿಯೇ ಒಪ್ಪಬೇಕೆಂಬುದಕ್ಕೆ ಅವನ ಬಾಳು ಉಜ್ವಲ ನಿದರ್ಶನವಾಗಿದೆ.